ಬಾಯಿ ನೋಡುವವರು

ಹಾಸ್ಯಕ್ಕೆ ನಗುವುದರಲ್ಲಿ ನಾನು ಯಾವಾಗಲೂ ಎರಡನೆಯವನು. ಮೊದಲು ಎದುರಿನವರು ನಗಬೇಕು. ಅವರ ಹಲ್ಲು ಕಂಡ ಮೇಲೆ ನನ್ನ ಹಲ್ಲು ಹೊರಗೆ ಬರುತ್ತದೆ. ಇದನ್ನು ನೋಡಿ ಕೆಲವರು, ಇವನು ಹಾಸ್ಯವನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿ ಆಮೇಲೆ ನಗುವ ರಸಿಕ ಎಂದು ತಿಳಿದಿದ್ದರು. ನಿಜ ಸಂಗತಿ ಏನೆಂದರೆ ಆ ಹಾಸ್ಯ ನನಗೆ ಕೇಳಿಸಿರುವುದೇ ಇಲ್ಲ.

ಕಿವಿ ಮಂದವಾಗಲು ಶುರುವಾದದ್ದು ಯಾವಾಗ ಎಂದು ನನಗೂ ತಿಳಿಯದು. ಅದು ಬಾಗಿಲು ತಟ್ಟಿ ಬರುವ ಕಾಯಿಲೆಯಲ್ಲ. ತಟ್ಟಿದ್ದರೂ ನನಗೆ ಕೇಳುತ್ತಿರಲಿಲ್ಲ. ಮೊದಲು ಹಕ್ಕಿಗಳು ಹೋದವು. ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮೆಲುದನಿಯಲ್ಲಿ ಮಾತಾಡುವವರೆಲ್ಲ. ಕೊನೆಕೊನೆಗೆ ಯಾರು ಏನು ಹೇಳಿದರೂ ಅರ್ಧ ಮಾತ್ರ ಒಳಗೆ ಬರುತ್ತಿತ್ತು. ಉಳಿದರ್ಧವನ್ನು ಅವರ ತುಟಿ, ಹುಬ್ಬು, ಕೈ ನೋಡಿ ನಾನೇ ಕಟ್ಟಿಕೊಳ್ಳುತ್ತಿದ್ದೆ. ಕಣ್ಣು ಮಂದವಾದರೆ ಮರ್ಯಾದೆ ಇದೆ, ಒಂದು ಕನ್ನಡಕ ಹಾಕಿಕೊಂಡರೆ ಪಂಡಿತರ ಕಳೆ ಬರುತ್ತದೆ. ಕಿವಿ ಮಂದವಾದವನಿಗೆ ಮಾತ್ರ ಪೆದ್ದನ ಕಳೆ. ಕನ್ನಡದಲ್ಲಿ ಜಾಣಕಿವುಡು ಎಂದೊಂದು ಸುಂದರವಾದ ಮಾತಿದೆ. ಕೇಳಿದರೂ ಕೇಳದ ಹಾಗೆ ಇರುವುದು. ನನ್ನದು ಅದರ ತಲೆಕೆಳಗಿನ ಕಾಯಿಲೆ, ಕೇಳದಿದ್ದರೂ ಕೇಳಿದ ಹಾಗೆ ಇರುವುದು. ಅದಕ್ಕೆ ನಮ್ಮ ಹಿರಿಯರು ಹೆಸರಿಟ್ಟಿಲ್ಲ. ಜಾಣತನ ಅದರಲ್ಲಿ ಕಾಣಲಿಲ್ಲವೋ ಏನೋ.

ನಾನು ಕೆಲಸ ಮಾಡುವುದು ಮೂಡುಬಿದಿರೆ ಪೇಟೆ ದಾಟಿದ ಮೇಲೆ ಸಿಗುವ ಒಂದು ಗೇರುಬೀಜದ ಕಾರ್ಖಾನೆಯಲ್ಲಿ. ಮನೆ ಬಂಟ್ವಾಳ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವವನು. ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು, ಅವರ ರಜೆ, ಜಗಳ, ದೂರು ನೋಡಿಕೊಳ್ಳುವುದು, ಅಪಾಯದ ಸೈರನ್ ಕೂಗಿದರೆ ಎಲ್ಲರೂ ಹೊರಗೆ ಬಂದರೋ ಎಂದು ನೋಡುವುದು ನನ್ನ ಉದ್ಯೋಗ. ಸೈರನ್ನನ್ನು ಪರೀಕ್ಷೆ ಮಾಡುವ ದಿನ ನಾನು ಬೆಳಿಗ್ಗೆಯಿಂದಲೇ ಕಿಟಕಿಯ ಹತ್ತಿರ ನಿಂತು ಅಂಗಳ ನೋಡುತ್ತಿದ್ದೆ. ಹೆಂಗಸರು ಹೊರಗೆ ಬರಲು ಶುರುಮಾಡಿದರೆ ಸೈರನ್ ಆಗಿದೆ ಎಂದು ಲೆಕ್ಕ.

ಊಹೆಯ ಮೇಲೆ ನಡೆಯುವ ಬದುಕು ಕೆಲವು ಸಲ ಮುಗ್ಗರಿಸುತ್ತದೆ. ಒಮ್ಮೆ ಘಟ್ಟದ ಮೇಲಿನ ನಮ್ಮ ಲಾರಿ ಡ್ರೈವರ್ ಬಂದು, ಅತ್ತೆ ತೀರಿಕೊಂಡರು, ಎರಡು ದಿನ ರಜೆ ಬೇಕು ಎಂದ. ನನಗೆ ಕೇಳಿದ್ದು ಅತ್ತೆ ಸೇರಿಕೊಂಡರು ಎಂದು. ಹಿರಿಯರು ಮನೆಗೆ ಬಂದು ಸೇರಿಕೊಂಡಿದ್ದಾರೆ ಎಂದುಕೊಂಡು, "ಒಳ್ಳೆದಾಯ್ತು ಮಾರಾಯ, ಇನ್ನು ಮನೆಗೆ ಒಂದು ಕಳೆ ಬರ್ತದೆ" ಎಂದೆ. ಅವನು ಕೈಮುಗಿದು ಹೊರಟುಹೋದ. ಆಮೇಲೆ ಕೆಲವು ಕಾಲ ಲಾರಿಯವರ ನಡುವೆ ನನ್ನನ್ನು ದೊಡ್ಡ ವೇದಾಂತಿ ಎಂದು ಮಾತಾಡಿಕೊಳ್ಳುತ್ತಿದ್ದರಂತೆ.

ಇಂಥ ನನ್ನನ್ನು ಒಂದು ದಿನ ನಮ್ಮ ಧಣಿಗಳು ಕರೆದರು. ವಿಠಲ ಶೆಟ್ಟರು ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ಕಾರ್ಖಾನೆ ಹಾಕಿದವರು. ಮನಸ್ಸು ಒಳ್ಳೆಯದು, ಮೀಸೆ ಮಾತ್ರ ನನ್ನ ಶತ್ರು. ಅದು ಮೇಲ್ದುಟಿಯನ್ನು ಪೂರ್ತಿ ಮುಚ್ಚಿ ಕೆಳದುಟಿಯ ಮೇಲೂ ಹಕ್ಕು ಸಾಧಿಸಿದೆ. ಅವರ ಮಾತು ನನಗೆ ಪೊದೆಯೊಳಗೆ ಏನೋ ಓಡಿದ ಹಾಗೆ. ಅವರು ಹೇಳಿದ್ದು ಅರ್ಥವಾಗಲು ಪಕ್ಕದಲ್ಲಿದ್ದ ಗ್ರೇಸಿಬಾಯಿಯ ಮುಖ ನೋಡಬೇಕಾಯಿತು. ಗ್ರೇಸಿಬಾಯಿ ಬೀಜ ಹೆಕ್ಕಿ ಬೇರೆ ಮಾಡುವ ಹಾಲ್ ಎಂಬ ದೊಡ್ಡ ಕೋಣೆಯ ಮೇಲ್ವಿಚಾರಕಿ. ಕೊಂಕಣಿಯ ಹೆಂಗಸು, ತುಳುವಿನಲ್ಲಿ ಬೈಯುತ್ತಾರೆ, ಕನ್ನಡದಲ್ಲಿ ವರದಿ ಕೊಡುತ್ತಾರೆ. ಮೂರರಲ್ಲೂ ತುಟಿ ಸ್ಪಷ್ಟ.

ವಿಷಯ ಇಷ್ಟು. ನಮ್ಮ ಬೀಜ ಕೊಳ್ಳುವ ವಿದೇಶದ ಒಂದು ಕಂಪೆನಿಯವರು, ನಿಮ್ಮಲ್ಲಿ ಎಲ್ಲ ಬಗೆಯ ಜನರಿಗೂ ಜಾಗ ಇದೆಯೇ, ಅಂಗವಿಕಲರು ಇದ್ದಾರೆಯೇ, ಅವರನ್ನು ಹೇಗೆ ಒಳಗೊಳ್ಳುತ್ತೀರಿ ಎಂದು ವಿಚಾರಿಸಿದ್ದರು. ಆ ಜವಾಬ್ದಾರಿ ಇಸ್ಮಾಯಿಲನಾದ ನನಗೆ. "ನೀವೇ ಆಗಬೇಕು ಇಸ್ಮಾಯಿಲಾಕ. ಎಲ್ಲರ ಮಾತನ್ನೂ ಮುಖ ನೋಡಿಕೊಂಡು ಕೇಳುವವರು ನೀವು ಒಬ್ಬರೇ" ಎಂದು ಧಣಿಗಳು ಹೇಳಿದರೆಂದು ಗ್ರೇಸಿಬಾಯಿ ಆಮೇಲೆ ನನಗೆ ಹೇಳಿದರು. ಕೇಳದವನಿಗೆ ಕೇಳುವವನೆಂಬ ಹೆಸರು ಬಂದಿತ್ತು. ಆ ಹೆಸರನ್ನು ಉಳಿಸಿಕೊಳ್ಳುವ ಚಿಂತೆ ಅಂದಿನಿಂದ ಹೊಸದಾಗಿ ಸೇರಿಕೊಂಡಿತು.

ಮಂಗಳೂರಿನಲ್ಲಿ ಈ ವಿಷಯದ ಮೇಲೆ ಒಂದು ದಿನದ ತರಬೇತಿ ನಡೆಯಿತು. ಹೋದೆ. ಕಲಿಸಿದ ಹುಡುಗಿ ಸೊಗಸಾಗಿ ಮಾತಾಡಿರಬೇಕು, ಎಲ್ಲರೂ ತಲೆಯಾಡಿಸುತ್ತಿದ್ದರು. ಅವಳು ಮೈಕನ್ನು ಬಾಯಿಗೆ ಅಡ್ಡ ಹಿಡಿದದ್ದರಿಂದ ನನಗೆ ಕಂಡದ್ದು ಮೈಕು ಮತ್ತು ಎರಡು ಕಣ್ಣು. ಒಳಗೊಳ್ಳುವಿಕೆಯ ತರಬೇತಿಯಿಂದ ನಾನು ಅಷ್ಟು ಮಟ್ಟಿಗೆ ಹೊರಗೆ ಉಳಿದೆ. ಕೈಯೆತ್ತಿ ಹೇಳಬಹುದಿತ್ತು. ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ ಎಂದು, ಅವರೊಟ್ಟಿಗೆ ನಾನೂ ತಲೆಯಾಡಿಸಿ, ಊಟ ಮಾಡಿ ಬಂದೆ.

ನಾವು ಕೆಲಸಕ್ಕೆ ಜನ ಹುಡುಕುತ್ತಿರುವ ಸುದ್ದಿ ಬೆಳ್ತಂಗಡಿಯವರೆಗೆ ಹೋಗಿ, ನೆರಿಯ ಎಂಬ ಊರಿನ ಒಬ್ಬರು, ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿನವರು, ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹೆಸರು ಸುನಂದಾ. ಚಿಕ್ಕಂದಿನಲ್ಲಿ ಜ್ವರ ಬಂದು ಎರಡು ಕಿವಿಯೂ ಪೂರ್ತಿ ಹೋಗಿತ್ತು. ಅದಕ್ಕೆ ಮೊದಲೇ ಮಾತು ಬಂದಿದ್ದರಿಂದ ಮಾತಾಡುತ್ತಿದ್ದಳು. ತನ್ನ ದನಿ ತನಗೆ ಕೇಳದ್ದರಿಂದ ಅದು ಏರಿಳಿತವಿಲ್ಲದೆ ದೊಡ್ಡದಾಗಿ ಬರುತ್ತಿತ್ತು. ಪಿಯುಸಿ ಆಗಿತ್ತು. ಬೆಳ್ತಂಗಡಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಒಂದು ಟೈಲರ್ ಅಂಗಡಿಯಲ್ಲಿ ಕೆಲಸ ಮಾಡಿದ್ದಳು. ಆ ಅಂಗಡಿ ಮುಚ್ಚಿ ಕೆಲವು ತಿಂಗಳಾಗಿತ್ತು. ಕೆಲಸ ಅವಳಿಗೆ ಬೇಕೇ ಬೇಕಾಗಿತ್ತು.

ಧಣಿಗಳು, ಗ್ರೇಸಿಬಾಯಿ, ನಾನು ಮೂವರೂ ಕುಳಿತೆವು. ನಾವು ಕೇಳಿದ ಪ್ರಶ್ನೆಗಳೆಲ್ಲ ಅಪ್ಪನಿಗೆ ಹೋದವು. ಅವಳಿಗೆ ಓದಲು ಬರುತ್ತದಾ, ಒಬ್ಬಳೇ ಬಸ್ಸಿನಲ್ಲಿ ಬರುತ್ತಾಳಾ, ಅವಳಿಗೆ ಚಾ ಆಗುತ್ತದಾ ಎಂದು ಕೂಡ. ಆ ಹುಡುಗಿ ನಮ್ಮ ಬಾಯಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಚಾದ ಮಾತು ಬಂದಾಗ ಅವಳೇ ಹೇಳಿದಳು.

"ನನ್ನನ್ನು ಕೇಳಿ. ಅಪ್ಪನಿಗೆ ನನ್ನ ಚಾ ವಿಷಯ ಗೊತ್ತಿಲ್ಲ."

ಅಪ್ಪ ಕಸಿವಿಸಿಗೊಂಡರು. ಧಣಿಗಳು ನಕ್ಕು ಏನೋ ಹೇಳಿದರು. ಮೀಸೆ ಅಲ್ಲಾಡಿತು. ನನಗೆ ಹೊಳೆಯಲಿಲ್ಲ, ಅಭ್ಯಾಸದಂತೆ ಗ್ರೇಸಿಬಾಯಿಯ ಮುಖ ನೋಡಿದೆ. ಅದೇ ಗಳಿಗೆಯಲ್ಲಿ ಸುನಂದಾ ಕೂಡ ಗ್ರೇಸಿಬಾಯಿಯ ಮುಖ ನೋಡಿದಳು. ಅಲ್ಲಿಂದ ಅವಳ ಕಣ್ಣು ಮೆಲ್ಲಗೆ ನನ್ನ ಕಡೆಗೆ ಬಂತು, ಬಂದು ನಿಂತಿತು. ಬಸ್ಸಿನಲ್ಲಿ ಟಿಕೇಟಿಲ್ಲದೆ ಕುಳಿತವನ ಹತ್ತಿರ ಕಂಡಕ್ಟರ್ ಬಂದು ನಿಂತ ಹಾಗೆ.

ಮಾತು ಮುಗಿದು ಹೊರಡುವಾಗ ಅವಳು ಒಂದು ಹೆಜ್ಜೆ ಹಿಂದೆ ಉಳಿದು, ಗುಟ್ಟು ಹೇಳುವವಳಂತೆ ನನ್ನ ಕಡೆಗೆ ಬಗ್ಗಿದಳು.

"ಸರ್, ನೀವೂ ಬಾಯಿ ನೋಡ್ತೀರಿ ಅಲ್ಲವಾ?"

ತಾನು ಪಿಸುಗುಟ್ಟುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಆದರೆ ಅದು ನನಗೇ ಕೇಳಿಸಿತು ಎಂದರೆ ಎಷ್ಟು ದೊಡ್ಡದಾಗಿತ್ತು ಎಂದು ನೀವು ಯೋಚಿಸಿ. ನಾನು ಬೆವತುಹೋದೆ. ಹೊರಗೆ ಬೀಜ ಕತ್ತರಿಸುವ ಮಿಷನುಗಳು ಓಡುತ್ತಿದ್ದವು, ಯಾರಿಗೂ ಕೇಳಿರಲಾರದು ಎಂದು ಸಮಾಧಾನ ಮಾಡಿಕೊಂಡೆ. ನನಗೆ ಕೇಳಿದ್ದು ಬೇರೆಯವರಿಗೆ ಕೇಳಿರುವುದಿಲ್ಲ ಎಂದು ನಾನು ಆಸೆಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.

ಆ ಸಂಜೆ ಬಂಟ್ವಾಳಕ್ಕೆ ಬರುವ ಬಸ್ಸಿನಲ್ಲಿ ಕುಳಿತವನಿಗೆ ಒಂದೇ ಯೋಚನೆ. ಅವಳು ಕೆಲಸಕ್ಕೆ ಬಂದರೆ ನನ್ನ ಗುಟ್ಟು ಎಷ್ಟು ದಿನ ಉಳಿದೀತು? ಸೈರನ್ ಕೇಳದವನನ್ನು ಸೈರನ್ನಿನ ಜವಾಬ್ದಾರಿಯಲ್ಲಿ ಯಾವ ಧಣಿ ಇಟ್ಟುಕೊಳ್ಳುತ್ತಾನೆ? ಈ ವಯಸ್ಸಿನಲ್ಲಿ ಬೇರೆ ಎಲ್ಲಿ ಕೆಲಸ ಕೇಳುವುದು, ಕೇಳಿದರೂ ಅವರು ಕೊಟ್ಟ ಉತ್ತರ ಕೇಳಬೇಕಲ್ಲ. ಮನೆಗೆ ಬಂದು ಊಟಕ್ಕೆ ಕುಳಿತರೆ ಹೆಂಡತಿ ಮೈಮುನಾ ಏನೋ ಹೇಳಿದಳು. ಆಗಲಿ ಎಂದೆ. ಅವಳು ನನ್ನ ತಟ್ಟೆಯ ಅನ್ನವನ್ನು ತೆಗೆದುಬಿಟ್ಟಳು. ಊಟ ಸಾಕಾ ಎಂದು ಕೇಳಿದ್ದಳಂತೆ.

ಮರುದಿನ ತೀರ್ಮಾನಕ್ಕೆ ಮತ್ತೆ ಮೂವರೂ ಸೇರಿದೆವು. ಗ್ರೇಸಿಬಾಯಿ ಒಪ್ಪಲಿಲ್ಲ. ಕೆಟ್ಟ ಬುದ್ಧಿಯಿಂದ ಅಲ್ಲ; ಹಾಲ್ ತುಂಬ ಇರುವ ಹೆಂಗಸರ ಜೀವದ ಹೊಣೆ ಅವರ ಮೇಲಿದೆ, ಹಿಂದೊಮ್ಮೆ ಬಾಯ್ಲರಿನ ಪೈಪು ಬಿರಿದು ಆವಿ ನುಗ್ಗಿದ್ದನ್ನು ಕಣ್ಣಾರೆ ಕಂಡವರು.

"ಹುಡುಗಿ ಒಳ್ಳೆಯದುಂಟು. ಆದ್ರೆ ಸೈರನ್ ಆದ್ರೆ ಎಲ್ಲರೂ ಓಡ್ತಾರೆ, ಇವಳು ತಲೆ ಬಗ್ಗಿಸಿ ಬೀಜ ಹೆಕ್ತಾ ಇರ್ತಾಳೆ. ಹೆಚ್ಚುಕಮ್ಮಿ ಆದ್ರೆ ಅವಳ ಅಪ್ಪನಿಗೆ ನಾನು ಎಂತ ಹೇಳ್ಲಿಕ್ಕೆ ಆಗ್ತದೆ?"

ಧಣಿಗಳು ಮೀಸೆಯೊಳಗಿಂದ ಏನೋ ಹೇಳಿ ಕೈಚೆಲ್ಲಿದರು. ಪಾಪ, ಬೇಡ, ಇಸ್ಮಾಯಿಲಾಕ ಫೋನು ಮಾಡಿ ಸಮಾಧಾನವಾಗಿ ಹೇಳಲಿ ಎಂದು ಅದರ ತಾತ್ಪರ್ಯ. ಕಿವುಡಿ ಹುಡುಗಿಗೆ ಫೋನಿನಲ್ಲಿ ಹೇಳಬೇಕಂತೆ, ಅದೂ ನಾನು.

ನನಗೆ ಮೊದಲು ಆದದ್ದು ಹಾಯೆನಿಸಿದ ಭಾವ. ಗುಟ್ಟು ಉಳಿಯಿತು. ಆ ಹಾಯಿ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಇತ್ತು. ಆಮೇಲೆ, ನನ್ನನ್ನು ಕೇಳಿ ಎಂದ ಆ ಮುಖ ಕಣ್ಣ ಮುಂದೆ ಬಂತು. ಕನ್ನಡದಲ್ಲಿ ಕೇಳುವುದು ಎಂಬ ಒಂದೇ ಮಾತಿಗೆ ಎರಡು ಕೆಲಸ. ಕಿವಿಗೊಟ್ಟರೂ ಕೇಳುವುದೇ, ಪ್ರಶ್ನೆ ಹಾಕಿದರೂ ಕೇಳುವುದೇ. ತುಳುವಿನಲ್ಲೂ ಹಾಗೆಯೇ. ಎರಡೂ ಒಂದೇ ಎಂದು ಹಿಂದಿನವರು ತಿಳಿದಿದ್ದರು ಎಂದು ಕಾಣುತ್ತದೆ. ನಾವು ಮೂವರು ಕುಳಿತು ಒಬ್ಬಳ ಹಣೆಬರಹ ಬರೆಯುತ್ತಿದ್ದೆವು, ಅವಳನ್ನು ಕೇಳಿದ್ದು ಚಾದ ವಿಷಯ ಮಾತ್ರ, ಅದನ್ನೂ ಅವಳೇ ಹೇಳಿ ಕೇಳಿಸಿಕೊಂಡದ್ದು.

ಸೈರನ್ನಿನ ಬದಲು ಬೇರೆ ಏನಾದರೂ ಮಾಡಬಹುದಲ್ಲ ಎಂದೆ. ಧಣಿಗಳು ಏನೋ ಕೇಳಿದರು. ಹೌದು ಎಂದೆ. ಅವರು ಹುಬ್ಬು ಗಂಟಿಕ್ಕಿದರು. ಹೌದು ಎನ್ನುವ ಪ್ರಶ್ನೆ ಅದಾಗಿರಲಿಲ್ಲ ಎಂದು ಗೊತ್ತಾಯಿತು. ಅಲ್ಲ ಎಂದೆ. ಅದೂ ಸರಿಹೋಗಲಿಲ್ಲ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಇನ್ನು ಊಹಿಸಲು ಉಳಿದ ಉತ್ತರ ಯಾವುದೂ ಇರಲಿಲ್ಲ.

"ನನಗೂ ಆ ಸೈರನ್ ಕೇಳುವುದಿಲ್ಲ" ಎಂದೆ. "ಕೇಳದೆ ಕೆಲವು ವರ್ಷ ಆಯ್ತು."

ಕೋಣೆ ನಿಶ್ಶಬ್ದವಾಯಿತು ಎಂದು ಬರೆಯುವುದು ಕ್ರಮ. ನನಗೆ ಅದರಲ್ಲಿ ವಿಶೇಷ ವ್ಯತ್ಯಾಸ ಗೊತ್ತಾಗಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಯನ್ನೇ ನೋಡುತ್ತಿದ್ದೆ. ಗ್ರೇಸಿಬಾಯಿ ಆ ಕೈಯ ಮುಂದೆ ಬೆರಳಿನಿಂದ ತಟ್ಟಿ ನಾನು ತಲೆಯೆತ್ತುವ ಹಾಗೆ ಮಾಡಿದರು. ಆಮೇಲೆ ನಿಧಾನವಾಗಿ, ತುಟಿ ಕಾಣುವ ಹಾಗೆ ಹೇಳಿದರು.

"ನಮಗೆ ಗೊತ್ತುಂಟು ಇಸ್ಮಾಯಿಲಾಕ."

ಯಾರಿಗೆ ಎಂದು ಕೇಳಿದೆ. ಎಲ್ಲರಿಗೂ ಗೊತ್ತಿತ್ತು. ಕಾರ್ಖಾನೆಗೆ ಕಾರ್ಖಾನೆಯೇ ಬಲ್ಲ ಗುಟ್ಟನ್ನು ನಾನೊಬ್ಬ ಕಾಯುತ್ತಿದ್ದೆ. ಹೆಂಗಸರು ರಜೆ ಕೇಳಲು ಬಂದಾಗ, ಎಡಕ್ಕಿಂತ ತುಸು ಚುರುಕಾದ ನನ್ನ ಬಲಗಿವಿಯ ಕಡೆಯೇ ನಿಲ್ಲುತ್ತಿದ್ದದ್ದು, ಧಣಿಗಳು ಪಕ್ಕದ ಕೋಣೆಯಲ್ಲಿದ್ದೂ ವಾಟ್ಸಾಪಿನಲ್ಲಿ ಸಂದೇಶ ಕಳಿಸುತ್ತಿದ್ದದ್ದು, ಸೈರನ್ನಿನ ದಿನ ಗ್ರೇಸಿಬಾಯಿ ಏನಾದರೂ ನೆವ ತೆಗೆದು ನನ್ನ ಬಾಗಿಲಿಗೆ ಬಂದು ನಿಂತು ಹೋಗುತ್ತಿದ್ದದ್ದು, ಇದಕ್ಕೆಲ್ಲ ಈಗ ಒಂದೇ ಅರ್ಥ ಬಂತು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ಹೇಳಿದರೆ ನಿಮಗೆ ಬೇಜಾರಾಗುತ್ತದೆ ಎಂದು ಸುಮ್ಮನಿದ್ದೆವು ಎಂದರು ಅವರು. ನಾನು ಹೇಳಿದರೆ ಅವರು ಕೆಲಸದಿಂದ ತೆಗೆಯುತ್ತಾರೆ ಎಂದು ಸುಮ್ಮನಿದ್ದೆ. ಇಬ್ಬರ ಸುಮ್ಮನಿರುವಿಕೆಯ ನಡುವೆ ಸೈರನ್ ಮಾತ್ರ ತನ್ನ ಪಾಡಿಗೆ ಕೂಗಿಕೊಂಡಿತ್ತು.

ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ನಾನು ಬೆವರು ಸುರಿಸಿ ಆಡಿದ ನಾಟಕಕ್ಕೆ ಪ್ರೇಕ್ಷಕರೆಲ್ಲ ಮರ್ಯಾದೆಗೆ ಚಪ್ಪಾಳೆ ತಟ್ಟುತ್ತಿದ್ದರು ಎಂದು ತಿಳಿದರೆ ನಟನಿಗೆ ಹೇಗಾಗಬೇಕು? ಲಾರಿ ಡ್ರೈವರ್ ಕೂಡ ಬಲ್ಲನಂತೆ. ವೇದಾಂತಿ ಎಂಬ ಬಿರುದೂ ಹೋಯಿತು.

ಧಣಿಗಳು ಎದ್ದು ಬಂದು ನನ್ನ ಎದುರು ಕುಳಿತರು. ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆ ಒತ್ತಿ ಹಿಡಿದರು. ಅವರ ಮೇಲ್ದುಟಿಯನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ಮನ್ನು ಇಷ್ಟು ವರ್ಷ ಸುಧಾರಿಸಿಕೊಂಡು ಹೋದ ಮೇಲೆ ಆ ಹುಡುಗಿಯೊಂದು ಭಾರವಾ?" ಎಂದರು. "ಕರೆಸುವ. ಎಂತ ಮಾಡಬೇಕು ಅಂತ ಅವಳನ್ನೇ ಕೇಳುವ."

ಈ ಸಲ ಅವಳು ಒಬ್ಬಳೇ ಬಂದಳು. ಕೇಳಿದ್ದು ದೊಡ್ಡದೇನೂ ಅಲ್ಲ. ಸೈರನ್ನಿನೊಟ್ಟಿಗೆ ಹೊತ್ತಿ ಆರುವ ಒಂದು ಕೆಂಪು ದೀಪ, ಬಾಗಿಲಿಗೆ ಮುಖ ಮಾಡಿದ ಜಾಗ, ಪಕ್ಕದಲ್ಲಿ ಕುಳಿತವರು ಓಡುವ ಮೊದಲು ಅವಳ ಭುಜ ಮುಟ್ಟುವುದು. ದೀಪದ ಮಾತು ಹಾಲ್‌ಗೆ ಹೋದದ್ದೇ ತಡ, ಬೀಜ ಕತ್ತರಿಸುವ ಕಡೆಯ ಹೆಂಗಸರು ಬಂದು ನಮಗೂ ಒಂದು ಬೇಕು ಎಂದರು. ಮಿಷನಿನ ಗಲಾಟೆಯಲ್ಲಿ ಅವರಿಗೂ ಸೈರನ್ ಸರಿಯಾಗಿ ಕೇಳುತ್ತಿರಲಿಲ್ಲ, ಉಳಿದವರು ಓಡುವುದನ್ನು ನೋಡಿ ಓಡುತ್ತಿದ್ದರಂತೆ. ನಾನು ಕಿಟಕಿಯಿಂದ ಅವರನ್ನು ನೋಡಿ ತಿಳಿದುಕೊಳ್ಳುತ್ತಿದ್ದೆ, ಅವರು ಇನ್ನೊಬ್ಬರನ್ನು ನೋಡಿ. ಒಂದು ದಿನ ಯಾರೂ ಮೊದಲು ಓಡದೆ ಇದ್ದಿದ್ದರೆ? ಈಗಲೂ ಕೆಲವು ಸಲ ಇದನ್ನು ನೆನೆದು ನನಗೆ ಊಟ ಸೇರುವುದಿಲ್ಲ.

ನನ್ನ ಕಿವಿಗೂ ಒಂದು ಮಿಷನ್ ಬಂತು. ಮೈಮುನಾ ನನ್ನನ್ನು ಹಿಡಿದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಮೊದಲ ದಿನ ಫ್ಯಾನು, ನನ್ನದೇ ಚಪ್ಪಲಿ, ಪಾತ್ರೆಗೆ ಸೌಟು ತಾಗಿದ್ದು, ಎಲ್ಲ ಒಮ್ಮೆಲೇ ನುಗ್ಗಿ ತಲೆ ತಿರುಗಿತು. ಅದರ ನಡುವೆ ಅಡುಗೆಮನೆಯಿಂದ ಸಣ್ಣಗೆ ಒಂದು ರಾಗ ಬಂತು. ಯಾವ ಮನೆಯ ರೇಡಿಯೋ ಎಂದು ಕೇಳಿದೆ. ಮೈಮುನಾ ಮುಖ ತಿರುಗಿಸಿಕೊಂಡಳು. ಅವಳು ಒಬ್ಬಳೇ ಇದ್ದಾಗ ಗುನುಗುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಎದುರಿಗಿದ್ದರೂ ತಾನು ಒಬ್ಬಳೇ ಎಂದು ಅವಳು ತಿಳಿದು ಎಷ್ಟು ಕಾಲವಾಗಿತ್ತೋ, ಅದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಸುನಂದಾ ಕೆಲಸಕ್ಕೆ ಬಂದಳು. ಇನ್ನೇನು, ಎಲ್ಲ ಸುಖವಾಯಿತು ಎಂದುಕೊಂಡರೆ ಹೊಸ ಆತಂಕ. ಎಲ್ಲರೂ ಅವಳಿಗೆ ವಿಪರೀತ ಒಳ್ಳೆಯವರಾದರು. ಮಾತಾಡುವಾಗ ಬಾಯಿಯನ್ನು ದಂತವೈದ್ಯರ ಮುಂದೆ ತೆರೆದ ಹಾಗೆ ತೆರೆಯುತ್ತಿದ್ದರು. ಹಾಗೆ ತೆರೆದ ಬಾಯಿಯಲ್ಲಿ ಮಾತು ಓದಲು ಆಗುವುದಿಲ್ಲ. ಮಧ್ಯಾಹ್ನ ಎಲ್ಲರ ಬುತ್ತಿಯ ಮೀನಿನ ತುಂಡೂ ಅವಳ ತಟ್ಟೆಗೆ. ಗ್ರೇಸಿಬಾಯಿ ಎಲ್ಲರಿಗೂ ಬೈಯುತ್ತಾ ಬಂದವರು ಅವಳ ಹತ್ತಿರ ತಲಪಿದಾಗ ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದರು. ಅವಳು ತಪ್ಪಾಗಿ ಹೆಕ್ಕಿದ ಬೀಜವನ್ನು ಅವಳು ಚಾ ಕುಡಿಯಲು ಹೋದಾಗ ತಾವೇ ಕುಳಿತು ಸರಿಮಾಡುತ್ತಿದ್ದರು. ಒಳಗೊಳ್ಳುವಿಕೆ ನಮ್ಮಲ್ಲಿ ಪರಮಾವಧಿಗೆ ತಲಪಿದೆ ಎಂದು ಧಣಿಗಳು ಹೆಮ್ಮೆಪಟ್ಟರು. ಸುನಂದಾ ನನ್ನ ಕೋಣೆಗೆ ಬಂದಳು.

"ನನಗೆ ಯಾರೂ ಬೈಯುವುದಿಲ್ಲ ಸರ್."

ಒಳ್ಳೆಯದಲ್ಲವಾ ಎಂದೆ.

"ಉಳಿದವರಿಗೆ ಬೈದು ಕಲಿಸ್ತಾರೆ. ನನಗೆ ಕಲಿಸುವುದಿಲ್ಲ. ನಾಳೆ ಕೆಲಸ ಕಮ್ಮಿಯಾದ್ರೆ, ಇವಳಿಗೆ ಎಂತ ಬರ್ತದೆ ಅಂತ ಕೇಳ್ತಾರೆ. ಆಗ ನನಗೆ ಎಂತ ಬರ್ತದೆ?"

ಅವಳು ಹೇಳಿದ ಭಯ ನನಗೆ ಹೊಸದಾಗಿರಲಿಲ್ಲ. ನಾಜೂಕಾಗಿ ನಡೆಸಿಕೊಂಡವರನ್ನು ನಾಜೂಕಾಗಿಯೇ ಕಳಿಸಿಬಿಡಬಹುದು. ಗ್ರೇಸಿಬಾಯಿಯ ಹತ್ತಿರ ಹೋಗಿ, ಅವಳಿಗೂ ಬೈಯಬೇಕು ಎಂದು ಹೇಳಿದೆ. ಸಿಬ್ಬಂದಿಯ ಮೇಲಧಿಕಾರಿಯಾಗಿ ಇಂಥ ಸೂಚನೆ ಕೊಟ್ಟದ್ದು ನಾನೊಬ್ಬನೇ ಇರಬೇಕು. ಅವರು ಶಿಲುಬೆಯ ಗುರುತು ಮಾಡಿಕೊಂಡು, ಪಾಪದ ಹುಡುಗಿಗೆ ಹೇಗೆ ಬೈಯುವುದು, ನಾಲಗೆ ಬರುವುದಿಲ್ಲ ಎಂದರು. ಆದರೆ ಒಂದು ವಾರದೊಳಗೆ ಸುನಂದಾ ಒಡೆಯದ ಇಡೀ ಬೀಜಗಳ ರಾಶಿಗೆ ತುಂಡು ಬೀಜ ಬೆರೆಸಿಟ್ಟಳು. ನಾಲಗೆ ತಾನಾಗಿ ಬಂತು. ಆಚೆ ಗೋಡೆಯವರೆಗೂ ಕೇಳಿತು, ನನ್ನ ಹೊಸ ಕಿವಿಗೂ ಕೇಳಿತು. ಅಬ್ಬ, ಒಂದು ಕೆಲಸ ಆಯಿತಲ್ಲ ಎಂದು ನಾನು ಕುರ್ಚಿಗೆ ಒರಗುವಷ್ಟರಲ್ಲಿ ಗ್ರೇಸಿಬಾಯಿ ಕೆಂಪು ಮುಖ ಮಾಡಿಕೊಂಡು ಒಳಗೆ ಬಂದರು.

"ಬೈಯಿರಿ ಅಂತ ಹೇಳಿದಿರಿ ನೀವು. ನಾನು ಶುರುಮಾಡಿದ್ದೇ ಅವಳು ಕಣ್ಣು ಮುಚ್ಚಿಕೊಂಡು ನಿಂತಳು ಮಾರಾಯ್ರೆ. ನಾನು ಎಂತ ಗೋಡೆಗೆ ಬೈಯುವುದಾ?"

ಸುನಂದಾಳನ್ನು ಕರೆಸಿದೆ. ಬೈಯಬೇಕೆಂದು ಕೇಳಿದವಳು ನೀನೇ, ಬೈಯುವಾಗ ಕಣ್ಣು ಮುಚ್ಚುವುದು ಯಾವ ನ್ಯಾಯ ಎಂದು ಮುಖ ಗಂಭೀರ ಮಾಡಿಕೊಂಡು ವಿಚಾರಿಸಿದೆ. ಅವಳು ನನ್ನ ಕಿವಿಯ ಕಡೆ ನೋಡಿದಳು.

"ತಪ್ಪು ಎಂತ ಅಂತ ಹೇಳುವವರೆಗೆ ನೋಡಿದೆ ಸರ್. ಆಮೇಲೆ ನನ್ನ ಅಜ್ಜಿಯ ವಿಷಯಕ್ಕೆ ಹೋದ್ರು, ಆಗ ಮುಚ್ಚಿದೆ. ನಿಮ್ಮ ಮಿಷನಿಗೆ ಸ್ವಿಚ್ ಇಲ್ಲವಾ?"

ಇದೆ. ಕೆಲವು ಸಭೆಗಳಲ್ಲಿ ಅದನ್ನು ಉಪಯೋಗಿಸಿದ್ದೇನೆ ಕೂಡ. ಹಾಗಿರುವಾಗ ಯಾವ ಮುಖದಲ್ಲಿ ತೀರ್ಪು ಕೊಡುವುದು? ಎಲ್ಲರಿಗೂ ಸಿಗಬೇಕಾದ ಸವಲತ್ತು ಇದು, ಕಿವಿ ಚೆನ್ನಾಗಿರುವವರಿಗೇ ಇಲ್ಲ, ಅಷ್ಟೇ. ಗ್ರೇಸಿಬಾಯಿಗೆ ತಾಳ್ಮೆಯಿಂದ ಹೇಳಿದೆ, ಅವಳು ಕಣ್ಣು ತೆರೆಯುವವರೆಗೆ ಕಾಯಿರಿ, ತೆರೆದ ಮೇಲೆ ಬಾಕಿಯನ್ನು ಮುಂದುವರಿಸಿ, ಅಜ್ಜಿಯೊಂದನ್ನು ಬಿಟ್ಟು.

ಅವರು ಈಗ ಹಾಗೆಯೇ ಮಾಡುತ್ತಿದ್ದಾರೆ. ಹಾಲ್‌ನ ಕಡೆ ಹೋದಾಗ ಒಮ್ಮೊಮ್ಮೆ ಆ ದೃಶ್ಯ ಕಾಣಸಿಗುತ್ತದೆ. ಸುನಂದಾ ಕಣ್ಣು ಮುಚ್ಚಿ ನಿಂತಿರುತ್ತಾಳೆ. ಗ್ರೇಸಿಬಾಯಿ ಸೊಂಟಕ್ಕೆ ಕೈಯಿಟ್ಟು, ಬಾಯಿ ಸಿದ್ಧವಾಗಿಟ್ಟುಕೊಂಡು, ಎದುರಿಗೆ ಕಾಯುತ್ತಿರುತ್ತಾರೆ.